ಸೇವಂತಿಗೆಗೆ ಕತ್ತಲೆ ಬೇಕಂತೆ!

ಹೂವಿನ ಪ್ರದರ್ಶನಕ್ಕೆ ಮೊದಲ ಸಲ ತೋಟ ಕಟ್ಟಿದ ಹುಡುಗಿಯೊಬ್ಬರ ಬರಹ ಓದಿದೆ; ಹಿಂದಿನ ರಾತ್ರಿ ಕುಂಡಗಳ ಮಧ್ಯೆ ಕೂತು ಅತ್ತುಬಿಟ್ಟೆ ಅಂತ ಬರೆದಿದ್ದಾರೆ. ಪಾಪ ಅನಿಸಿತು, ನಗುವೂ ಬಂತು. ಯಾಕಂದ್ರೆ ನನ್ನದೂ ಅದೇ ಕಥೆ.

ನಮ್ಮ ಬಡಾವಣೆಯ ಜನವರಿ ಪ್ರದರ್ಶನಕ್ಕೆ ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗ ಸಿಕ್ಕಿತ್ತು. ಅಕ್ಟೋಬರ್‌ನಲ್ಲೇ ಬೆಂಗಳೂರಿನ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಿಂದ 40 ಸೇವಂತಿಗೆ ಸಸಿ ತಂದೆ. ದನ ಮೇಯ್ದಾವು ಅಂತ ಗೇಟಿನೊಳಗೆ, ಬೀದಿದೀಪದ ಕೆಳಗೇ ಜೋಡಿಸಿದೆ. ಗಿಡ ಸೊಂಪಾಗಿ ಬೆಳೆಯಿತು, ಮೊಗ್ಗು ಮಾತ್ರ ಇಲ್ಲ! ಸೇವಂತಿಗೆ ಹೂ ಬಿಡೋದು ರಾತ್ರಿ ಉದ್ದವಾದಾಗ. ರಾತ್ರಿಯೆಲ್ಲ ಬೆಳಕು ಬಿದ್ದರೆ ಅದಕ್ಕೆ ಕಾಲ ಬದಲಾಗಿದ್ದೇ ಗೊತ್ತಾಗಲ್ಲ. ಇದನ್ನು ಹೇಳಿದ್ದು ಪಕ್ಕದ ರಸ್ತೆಯ ಮಾಲಿ, ಅದೂ ಡಿಸೆಂಬರ್ ಕೊನೆಯಲ್ಲಿ. ಕೊನೆಗೆ ಚೆಂಡು ಹೂವಿನ ಕುಂಡ ತಂದು ಮಾನ ಉಳಿಸಿಕೊಂಡೆ.

ಅಲ್ಲಿಗೂ ಮುಗಿಯಲಿಲ್ಲ. ಪ್ರದರ್ಶನದ ಜಾಗದಲ್ಲಿ ಕುಂಡಗಳನ್ನು ಕೆಮ್ಮಣ್ಣಿನಲ್ಲಿ ಹೂತು ಚೆನ್ನಾಗಿ ನೀರು ಹಾಕಿದೆ. ಬೆಳಿಗ್ಗೆ ನೋಡಿದರೆ ಮಣ್ಣು ಎರಡು ಬೆರಳು ಕುಸಿದು ಕಪ್ಪು ಪ್ಲಾಸ್ಟಿಕ್ ಅಂಚುಗಳೆಲ್ಲ ಹಲ್ಲು ಕಿರಿಯುತ್ತಿದ್ದವು. ಆರು ಗಂಟೆಗೆ ಅಮ್ಮನೂ ನಾನೂ ತೆಂಗಿನ ನಾರಿನ ಪುಡಿ ಮುಚ್ಚುತ್ತಾ ಕೂತೆವು. ಆಯೋಜಕರು ಕೊಟ್ಟಿದ್ದು ಎಲ್ಲರಿಗೂ ಸೇರಿ ಒಂದೇ ನಲ್ಲಿ, ಅದು ಬೇರೆ.

ಬಹುಮಾನ ಬರಲಿಲ್ಲ ಬಿಡಿ. ಆದರೆ ಈಗ ಗಣರಾಜ್ಯೋತ್ಸವಕ್ಕೆ ಲಾಲ್‌ಬಾಗ್‌ಗೆ ಹೋದರೆ ಎಲ್ಲರೂ ಗಾಜಿನ ಮನೆಯೊಳಗಿನ ದೊಡ್ಡ ಹೂವಿನ ಮಾದರಿಯ ಮುಂದೆ ಸೆಲ್ಫಿ ತೆಗೆಯುತ್ತಿರುತ್ತಾರೆ, ನಾನು ಬಗ್ಗಿ ಕುಂಡದ ಅಂಚು ಹುಡುಕುತ್ತಿರುತ್ತೇನೆ. ನಮ್ಮವರಿಗೆ ನಾಚಿಕೆ.

ಅಂದ ಹಾಗೆ, ಪ್ರದರ್ಶನ ಮುಗಿದ ಮೇಲೆ ತಮ್ಮ ಗಿಡಗಳನ್ನೆಲ್ಲ ಏನು ಮಾಡಿದರು ಅಂತ ಆ ಹುಡುಗಿ ಬರೆದೇ ಇಲ್ವಲ್ಲ?