ರಸ್ತೆ ಅಗಲ ಬೇಡ, ಒಂದೇ ಅಗಲ ಬೇಕು

ಶಿವಮೊಗ್ಗದ ನೆಹರೂ ರೋಡಲ್ಲಿ ಬಟ್ಟೆ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ ಆಯ್ತು. ಈ ಇಪ್ಪತ್ತೆರಡು ವರ್ಷದಲ್ಲಿ ವರ್ತಕರ ಸಭೆ ಎಲ್ಲಿ ನಡೆದರೂ ನಾನು ಎದ್ದು ನಿಂತು ಹೇಳಿದ್ದು ಒಂದೇ ಮಾತು: ರಸ್ತೆ ಅಗಲ ಮಾಡಿ, ಅಂಗಡಿ ಮುಂದೆ ಗಾಡಿ ನಿಲ್ಲಿಸೋಕೆ ಜಾಗ ಕೊಡಿ, ಇಲ್ಲದಿದ್ದರೆ ವ್ಯಾಪಾರ ಉಳಿಯಲ್ಲ. ಆ ಮಾತು ತಪ್ಪು ಅಂತ ಈಗ ನನಗೆ ಖಾತ್ರಿಯಾಗಿದೆ. ಎಲ್ಲರೆದುರು ಹೇಳಿದ ಮಾತನ್ನು ಎಲ್ಲರೆದುರೇ ವಾಪಸ್ ತಗೋಬೇಕು. ಅದಕ್ಕೇ ಇದನ್ನು ಬರೀತಿದ್ದೇನೆ.

ಹೊಸನಗರದ ಕಡೆಯ ಒಬ್ಬ ಅಕ್ಕ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಅತ್ತೆಯನ್ನು ಕರ್ಕೊಂಡು ನಮ್ಮಲ್ಲಿಗೆ ಸೀರೆಗೆ ಬರ್ತಾರೆ. ಕಳೆದ ಮಳೆಗಾಲದಲ್ಲಿ ಬಂದಾಗ ಇಬ್ಬರೂ ಮೊಣಕಾಲ ತನಕ ಕೆಸರು. ಬಸ್ ಸ್ಟ್ಯಾಂಡಿಂದ ನಡೆದು ಬರುವಾಗ ಚರಂಡಿ ಮೇಲಿನ ಚಪ್ಪಡಿಗೆ ಅಜ್ಜಿ ಕಾಲಿಟ್ಟಿದ್ದಾರೆ, ಇನ್ನೊಂದು ತುದಿ ಎದ್ದಿದೆ, ಕಾಲು ಸಂದಿಗೆ ಹೋಗಿದೆ. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. "ಅಣ್ಣಾ, ಮುಂದಿನ ವರ್ಷದಿಂದ ಅತ್ತೇನ ಕರ್ಕಂಡ್ ಬರಲ್ಲ. ಬಸ್ಸಲ್ಲಿ ಎರಡು ತಾಸು ಕೂತು ಬಂದಿದ್ದಕ್ಕಿಂತ ಇಲ್ಲಿ ಕಾಲ್ ಗಂಟೆ ನಡೆದಿದ್ದೇ ಕಷ್ಟ ಆಯ್ತು" ಅಂದರು. ಅಜ್ಜಿ ಸುಮ್ಮನೆ ಪಾದ ಒತ್ತಿಕೊಳ್ತಾ ಕೂತಿದ್ದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಮಾರನೇ ದಿನ ಬೆಳಿಗ್ಗೆ ಅಂಗಡಿ ತೆಗೆಯೋಕೆ ಮುಂಚೆ ಕೊಡೆ ಹಿಡ್ಕೊಂಡು ನಾನೇ ಬಸ್ ಸ್ಟ್ಯಾಂಡಿಗೆ ಹೋಗಿ ಅಲ್ಲಿಂದ ನಡೆದು ಬಂದೆ. ದಿನಾ ಬೈಕಲ್ಲಿ ಓಡಾಡುವ ದಾರಿ, ಆದರೆ ಕಾಲಿಗೆ ಅದು ಬೇರೆಯೇ ಊರು. ನಾಲ್ಕು ಹೆಜ್ಜೆ ಫುಟ್‌ಪಾತು, ಐದನೆಯದಕ್ಕೆ ಕರೆಂಟಿನ ಟ್ರಾನ್ಸ್‌ಫಾರ್ಮರ್ ಕಂಬ. ಅಲ್ಲಿಂದ ಕೆಳಗಿಳಿದರೆ ರಸ್ತೆ ಅಂಚಲ್ಲಿ ಸಾಲಾಗಿ ಬೈಕು. ಅದರಾಚೆ ನಡೆದರೆ ಹಿಂದಿನಿಂದ ಆಟೋ ಹಾರ್ನು. ಮತ್ತೆ ಮೇಲೆ ಹತ್ತೋಣ ಅಂದರೆ ಒಬ್ಬೊಬ್ಬ ಅಂಗಡಿಯವರದ್ದು ಒಂದೊಂದು ಎತ್ತರ. ಒಬ್ಬರದು ಮೆಟ್ಟಿಲು, ಇನ್ನೊಬ್ಬರದು ಗಾಡಿ ಹತ್ತಿಸೋ ಇಳಿಜಾರು, ಮತ್ತೊಬ್ಬರದು ಮನೆಯೊಳಗೆ ಹಾಕುವಂಥ ನುಣುಪು ಟೈಲ್ಸ್. ಮಳೆ ಬಿದ್ದರೆ ಅದರ ಮೇಲೆ ಹುಡುಗರೂ ಜಾರುತ್ತಾರೆ. ನನ್ನ ಅಂಗಡಿ ಮುಂದೆ ಬಂದಾಗ ನೋಡಿದೆ: ಎರಡು ಮೆಟ್ಟಿಲು ಫುಟ್‌ಪಾತಿನ ಮೇಲೆ ಬಂದಿವೆ, ಅದರ ಪಕ್ಕ ಸೀರೆ ಉಡಿಸಿದ ಬೊಂಬೆ. ಎರಡನ್ನೂ ಇಡಿಸಿದವನು ನಾನೇ.

ಆಮೇಲೆ ಒಂದು ವಾರ, ಬಿಲ್ ಮಾಡುವಾಗ ಬಂದವರನ್ನೆಲ್ಲ ಕೇಳಿದೆ, ಹೇಗೆ ಬಂದಿರಿ ಅಂತ. ಬಸ್ಸಲ್ಲಿ ಬಂದು ನಡೆದವರು, ಆಟೋದಲ್ಲಿ ಗೋಪಿ ಸರ್ಕಲ್‌ನಲ್ಲೋ ಎ.ಎ. ಸರ್ಕಲ್‌ನಲ್ಲೋ ಇಳಿದು ನಡೆದವರು, ದುರ್ಗಿಗುಡಿಯಲ್ಲಿ ಡಾಕ್ಟರಿಗೆ ತೋರಿಸಿ ಹಾಗೇ ಬಂದವರು, ಇವರೇ ಹೆಚ್ಚು. ಹಾಗಾದರೆ ಅಂಗಡಿ ಮುಂದೆ ಬೆಳಿಗ್ಗೆಯಿಂದ ರಾತ್ರಿ ತನಕ ನಿಂತಿರುವ ಬೈಕುಗಳು ಯಾರದು? ಒಂದು ನನ್ನದು, ಎರಡು ನಮ್ಮ ಹುಡುಗರದು, ಉಳಿದವು ಅಕ್ಕಪಕ್ಕದ ಅಂಗಡಿಯವರದು. ಗಿರಾಕಿಗೆ ಜಾಗ ಇಲ್ಲ ಅಂತ ಕೂಗುತ್ತಿದ್ದ ನಾವೇ ಗಿರಾಕಿಯ ಜಾಗ ಹಿಡಿದು ಕೂತಿದ್ದೇವೆ. ಇದನ್ನು ಯಾರಿಗೂ ನೋವು ಮಾಡೋಕೆ ಹೇಳ್ತಿಲ್ಲ. ನಿಮ್ಮ ನಿಮ್ಮ ಅಂಗಡಿ ಮುಂದೆ ಒಂದು ದಿನ ಲೆಕ್ಕ ಹಾಕಿ ನೋಡಿ.

ಈಗ ರಸ್ತೆ ಅಗಲದ ವಿಷಯ. ನಾವು ತೋಟದ ಊರಿನವರು. ಬಸಿಗಾಲುವೆಯನ್ನು ಉದ್ದಕ್ಕೂ ಒಂದು ಮಾರು ಅಗಲ ತೋಡಿ ಒಂದೇ ಕಡೆ ಒಂದು ಗೇಣು ಬಿಟ್ಟರೆ ನೀರು ಎಷ್ಟು ಹೋಗುತ್ತೆ? ಗೇಣಿನಷ್ಟೇ. ರಸ್ತೆಯೂ ಹಾಗೇ. ಗಾಡಿ ಎಷ್ಟು ಸರಾಗ ಹೋಗುತ್ತೆ ಅನ್ನೋದನ್ನು ತೀರ್ಮಾನಿಸೋದು ರಸ್ತೆಯ ಅತಿ ಇಕ್ಕಟ್ಟಾದ ಜಾಗ ಮತ್ತು ಸರ್ಕಲ್ಲು. ಮಧ್ಯದಲ್ಲಿ ಎಷ್ಟು ಅಗಲ ಮಾಡಿದರೂ ಅಲ್ಲಿ ಗಾಡಿ ನಿಲ್ಲುತ್ತವೆ, ಓಡೋದಿಲ್ಲ. ನಮ್ಮ ಬಿ.ಎಚ್. ರೋಡಲ್ಲಿ, ನೆಹರೂ ರೋಡಲ್ಲಿ ಆಗೋದು ಇದೇ. ಮೂರು ಗಾಡಿ ಅಕ್ಕಪಕ್ಕ ಬಂದು, ಯಾರೋ ನಿಲ್ಲಿಸಿದ ಕಾರಿನ ಹತ್ತಿರ ಎರಡಾಗಿ, ಸರ್ಕಲ್ ಹತ್ತಿರ ಒಂದಾಗಿ ನುಗ್ಗುತ್ತವೆ. ಜಾಮ್ ಹುಟ್ಟೋದು ಆ ನುಗ್ಗಾಟದಲ್ಲಿ.

ಬೆಂಗಳೂರಲ್ಲಿ ಟೆಂಡರ್ ಶ್ಯೂರ್ ಅನ್ನೋ ರಸ್ತೆ ಯೋಜನೆಯಲ್ಲಿ ರೆಸಿಡೆನ್ಸಿ ರೋಡು, ಸೇಂಟ್ ಮಾರ್ಕ್ಸ್ ರೋಡುಗಳನ್ನು ಮಾಡಿದ್ದು ಹೀಗೆ: ಗಾಡಿ ಓಡುವ ಜಾಗ ರಸ್ತೆಯುದ್ದಕ್ಕೂ ಒಂದೇ ಅಗಲ. ಮಿಕ್ಕಿದ್ದರಲ್ಲಿ ನಡೆಯುವವರಿಗೆ ಅಗಲವಾದ ಫುಟ್‌ಪಾತು, ಗಾಡಿ ನಿಲ್ಲಿಸೋಕೆ ಒಳಗೆ ಸರಿದ ಜಾಗ, ಮರ. ಪೈಪು, ಕೇಬಲ್ಲು ಎಲ್ಲ ಫುಟ್‌ಪಾತಿನ ಅಡಿಗೆ, ಹಾಗಾಗಿ ಪದೇ ಪದೇ ರಸ್ತೆ ಅಗೆಯಬೇಕಿಲ್ಲ. ಚೆನ್ನೈನ ಪಾಂಡಿ ಬಜಾರ್ ಕೂಡ ನಮ್ಮ ಗಾಂಧಿ ಬಜಾರ್ ಥರದ್ದೇ, ಬಟ್ಟೆ-ಬಂಗಾರದ ಬೀದಿ. ಅಲ್ಲಿ 2019ರಲ್ಲಿ ನಡೆಯುವವರ ಜಾಗ ದೊಡ್ಡದು ಮಾಡಿದರು. ಜನ ಅಲ್ಲಿ ಇವತ್ತಿಗೂ ಸೀರೆ ಕೊಳ್ಳುತ್ತಿದ್ದಾರೆ.

ಅಳತೆಯೂ ಹೊಸದಾಗಿ ಹುಡುಕಬೇಕಿಲ್ಲ. ದೇಶದ ರಸ್ತೆಗಳಿಗೆ ಅಳತೆ ಗೊತ್ತುಮಾಡುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲೇ ಬರೆದಿದೆ: ಏನೂ ಅಡ್ಡ ಇಲ್ಲದ ಕನಿಷ್ಠ 1.8 ಮೀಟರ್ ಫುಟ್‌ಪಾತ್ ಇರಬೇಕು, ಎತ್ತರ 150 ಮಿಲಿಮೀಟರ್ ಮೀರಬಾರದು, ಅಂಗಡಿ ಬೀದಿಯಾದರೆ ನಿಂತು ನೋಡುವವರಿಗೆ ಅಂತ ಇನ್ನೊಂದು ಮೀಟರ್ ಸೇರಿಸಬೇಕು. ಅಂದರೆ ನನ್ನ ಅಂಗಡಿಯ ಸೀರೆ ನೋಡೋಕೆ ನಿಲ್ಲುವವರ ಲೆಕ್ಕವನ್ನೂ ಅವರು ಹಾಕಿದ್ದಾರೆ! ನಾನು ಮಾತ್ರ ಹಾಕಿರಲಿಲ್ಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಒಳ್ಳೆಯ ಫುಟ್‌ಪಾತು ಬದುಕುವ ಹಕ್ಕಿಗೇ ಸೇರಿದ್ದು ಅಂತ ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿಯೂ ಆಗಿದೆ.

ನಡೆಯುವ ಬೀದಿ ನಮ್ಮೂರಿಗೆ ಆಗಿಬರಲ್ಲ ಅನ್ನುವವರಿಗೆ ಮಾರಿ ಜಾತ್ರೆ ನೆನಪು ಮಾಡ್ತೇನೆ. ಎರಡು ವರ್ಷಕ್ಕೊಮ್ಮೆ ಅಮ್ಮ ಮೊದಲ ದಿನ ಗಾಂಧಿ ಬಜಾರಿನ ತವರುಮನೆಯಲ್ಲಿ ಕೂರುತ್ತಾಳೆ, ಆಮೇಲೆ ಕೋಟೆ ಗದ್ದುಗೆಗೆ ಹೋಗುತ್ತಾಳೆ. 2024ರ ಮಾರ್ಚ್‌ನಲ್ಲಿ ಆ ಮಂಗಳವಾರ ಮಡಿಲಕ್ಕಿ ಹಿಡಿದ ಹೆಂಗಸರ ಸಾಲು ನೋಡಿದವರಿಗೆ ಗೊತ್ತು, ಆ ಬೀದಿಯಲ್ಲಿ ಎಷ್ಟು ಜನ ಹಿಡಿಯುತ್ತಾರೆ ಅಂತ. ವಯಸ್ಸಾದವರು, ಕಂಕುಳಲ್ಲಿ ಮಗು ಎತ್ತಿಕೊಂಡವರು, ಎಲ್ಲ ಬೀದಿ ಮಧ್ಯದಲ್ಲೇ ನಡೆದರು. ಗಾಡಿ ಇಲ್ಲದ ಗಾಂಧಿ ಬಜಾರ್ ಅಷ್ಟು ದೊಡ್ಡದು. ದಿನಾ ಹಾಗೆ ಮುಚ್ಚಿ ಅಂತ ನಾನು ಹೇಳಲ್ಲ. ಬೆಳಿಗ್ಗೆ ಸರಕು ಇಳಿಸುವ ಗಾಡಿಗೆ ಹೊತ್ತು ನಿಗದಿ ಮಾಡಿ, ಸಂಜೆ ಐದರಿಂದ ಒಂಬತ್ತು ನಡೆಯುವವರಿಗೆ ಬಿಡಿ. ಆಂಬುಲೆನ್ಸು, ಅಗ್ನಿಶಾಮಕದವರಿಗೆ ದಾರಿ ಯಾವಾಗಲೂ ಇರಲಿ.

ಹೂವಿನವರನ್ನು, ಬೇಸಿಗೆಯಲ್ಲಿ ಅಪ್ಪೆಮಿಡಿ, ಮಳೆಗಾಲದಲ್ಲಿ ಕಳಲೆ ಇಟ್ಟು ಕೂರುವವರನ್ನು ಎಬ್ಬಿಸಿ ಫುಟ್‌ಪಾತ್ ಮಾಡೋದಾದರೆ ನನಗೆ ಅದು ಬೇಡ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯಿದೆ. ನಕ್ಷೆಯಲ್ಲೇ ಅವರ ಜಾಗ ಗುರುತು ಹಾಕಿ. ಅವರಿದ್ದರೆ ಬೀದಿಯಲ್ಲಿ ರಾತ್ರಿ ಎಂಟರಲ್ಲೂ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ.

ಬೈಕುಗಳಿಗೆ ಜಾಗ ಎಲ್ಲಿ ಅಂತ ಕೇಳ್ತೀರಿ. ನಮ್ಮೂರಿಗೆ ಕನ್ಸರ್ವೆನ್ಸಿಗಳಿವೆ. ಹಿಂದೆ ಪೌರಕಾರ್ಮಿಕರು ಮಲ ಹೊರಲು ಬಳಸಬೇಕಿದ್ದ ಹಿತ್ತಿಲ ಓಣಿಗಳು. ಸ್ಮಾರ್ಟ್ ಸಿಟಿ ಯೋಜನೆಗೆ 2016ರಲ್ಲಿ ಊರು ಆಯ್ಕೆಯಾದ ಮೇಲೆ ಅವುಗಳಲ್ಲಿ ಹಲವನ್ನು ನೆಲ ಹಾಕಿ ಚೆಂದ ಮಾಡಿದ್ದಾರೆ. ಅಗಲ ಇರುವ ಕಡೆ ಅಂಗಡಿಯವರ ಬೈಕು ಅಲ್ಲಿ ನಿಲ್ಲಲಿ. ಅಂಗಡಿ ಮುಂದಿನ ಜಾಗಕ್ಕೆ ಗಂಟೆಗಿಷ್ಟು ಅಂತ ದುಡ್ಡು ಇಡಿ. ಅರ್ಧ ಗಂಟೆಗೆ ಬರುವ ಗಿರಾಕಿ ಕೊಡುತ್ತಾನೆ, ದಿನವಿಡೀ ನಿಲ್ಲಿಸುವ ನನ್ನಂಥವನು ತಾನಾಗಿ ಹಿಂದಕ್ಕೆ ಹೋಗುತ್ತಾನೆ.

ಇದಕ್ಕಿಂತ ಮೊದಲು ಆಗಬೇಕಾದ್ದು ಒಂದಿದೆ. ಬಸ್ ಸ್ಟ್ಯಾಂಡಿಂದ ಗಾಂಧಿ ಬಜಾರ್, ಅಲ್ಲಿಂದ ಗೋಪಿ ಸರ್ಕಲ್, ದುರ್ಗಿಗುಡಿ ತನಕ ಒಂದು ಬದಿಯಲ್ಲಾದರೂ ಎಲ್ಲೂ ಇಳಿದು ಹತ್ತದೆ ನಡೆಯುವಂಥ ಫುಟ್‌ಪಾತು. ದಾಟುವ ಕಡೆ ರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತಿದರೆ ಗಾಡಿ ತಾನಾಗಿ ನಿಧಾನ ಆಗುತ್ತೆ, ಮಳೆನೀರು ನಿಂತರೂ ದಾಟುವವರ ಕಾಲು ಒಣಗಿರುತ್ತೆ. ಚಪ್ಪಡಿಗಳು ಅಲುಗಾಡದ ಹಾಗೆ ಕೂರಿಸಿ, ನುಣುಪು ಟೈಲ್ಸ್ ಬದಲು ಒರಟು ಕಲ್ಲು ಹಾಕಿ. ನಮ್ಮ ಮಳೆಗೆ ಅದೇ ಸರಿ.

ನನ್ನ ಅಂಗಡಿ ಮುಂದಿನ ಎರಡು ಮೆಟ್ಟಿಲನ್ನು ಒಳಗೆ ತಗೊಳ್ಳೋಕೆ ಮೇಸ್ತ್ರಿಗೆ ಹೇಳಿದ್ದೇನೆ. ಶಟರ್ ಒಳಗೆ ಮೂರು ಅಡಿ ಹೋಗುತ್ತೆ, ಒಂದು ರ‍್ಯಾಕ್ ಕಡಿಮೆಯಾಗುತ್ತೆ. ಬೊಂಬೆ ಮೊನ್ನೆಯೇ ಒಳಗೆ ಬಂತು. ಭಾನುವಾರ ಬೆಳಿಗ್ಗೆ ಏಳಕ್ಕೆ ಕೆಲಸ ಶುರು. ಅಕ್ಕಪಕ್ಕದ ಅಂಗಡಿಯವರು ಬಂದು ನೋಡಿ, ಅದೇ ಮೇಸ್ತ್ರಿ ನಿಮಗೂ ಅಳತೆ ಹಾಕಿಕೊಡ್ತಾರೆ. ಗೌರಿ ಹಬ್ಬದೊಳಗೆ ನಮ್ಮ ಸಾಲಿನ ಐದು ಅಂಗಡಿ ಮುಂದಾದರೂ ಸಮತಟ್ಟಾದರೆ, ಹೊಸನಗರದ ಆ ಅಕ್ಕನಿಗೆ ನಾನೇ ಫೋನ್ ಮಾಡ್ತೇನೆ, ಅತ್ತೇನ ಕರ್ಕೊಂಡು ಬನ್ನಿ ಅಂತ.