ಹಿಸೆಯಾದ ಮನೆಗೆ ಒಂದು ಕಿಟಕಿ

ತೀರ್ಥಹಳ್ಳಿ ಕಡೆಯ ಹಳೇ ಮನೆಗಳಲ್ಲಿ ನೋಡಿರುತ್ತೀರಿ. ಉದ್ದನೆಯ ಒಂದೇ ಜಗಲಿ, ನಡುವೆ ಒಂದು ಗೋಡೆ. ಆಚೆ ಅಣ್ಣ, ಈಚೆ ತಮ್ಮ. ಎರಡು ಒಲೆ, ಎರಡು ಬಚ್ಚಲು. ಹಿಸೆ ಯಾಕಾಯ್ತು ಅಂತ ಕೇಳಿದರೆ ಯಾವುದೋ ಹಲಸಿನ ಮರದ ಕಥೆ ಹೇಳುತ್ತಾರೆ. ಮರ ಬಿದ್ದು ಎಷ್ಟೋ ವರ್ಷವಾಗಿದೆ. ಗೋಡೆಗೆ ಮಾತ್ರ ತಪ್ಪದೆ ಸುಣ್ಣ.

ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ಲಿನಕ್ಸ್‌ನಲ್ಲೂ ಇಂಥದ್ದೊಂದು ಗೋಡೆ ಇದೆ. ಚಿಕ್ಕಪ್ಪನಿಗೆ ಅಡಿಕೆ ಲೆಕ್ಕದ ಸಣ್ಣ ತಂತ್ರಾಂಶ ಮಾಡಿಕೊಡಲು ಹೋಗಿ ನಾನು ಅದಕ್ಕೆ ಹಣೆ ಚಚ್ಚಿಕೊಂಡೆ. ಕೊನೆಗಾರರ ಕೂಲಿ, ಸುಲಿದವರ ಕೂಲಿ, ಮಂಡಿಗೆ ಹೋದ ಮೂಟೆ. ಕೂಡಿ ಕಳೆಯುವ ಕೆಲಸ ಒಂದೇ ಸಂಜೆಯಲ್ಲಿ ಮುಗಿಯಿತು. ಕಿಟಕಿ, ಬಟನ್ ಕೂರಿಸಿ ಪ್ಯಾಕೇಜ್ ಕಟ್ಟುವಾಗ ಪ್ರಶ್ನೆ ಎದುರಾಯಿತು. ಜಿಟಿಕೆಯಾ, ಕ್ಯೂಟಿಯಾ? ತಂತ್ರಾಂಶಕ್ಕೆ ಕಿಟಕಿ, ಬಟನ್ ಒದಗಿಸುವ ಎರಡು ಸಲಕರಣೆ ಪೆಟ್ಟಿಗೆಗಳು ಇವು.

ಇಬ್ಬರು ಗೆಳೆಯರನ್ನು ಕೇಳಿದೆ. ಅದೇ ತಪ್ಪಾಯಿತು. ಶಿವಮೊಗ್ಗದವನು, "ಕ್ಯೂಟಿ ಅಲ್ಲ ಮಾರಾಯ, ಅದನ್ನ ಕ್ಯೂಟ್ ಅನ್ಬೇಕು" ಅಂತ ಶುರು ಮಾಡಿ ಅರ್ಧ ಗಂಟೆ ಉಚ್ಚಾರಣೆಯಲ್ಲೇ ಕಳೆದ. ಸಾಗರದವನು, ಜಿಟಿಕೆ ಬಿಟ್ಟರೆ ನಿನ್ನ ಮನೆ ಮೆಟ್ಟಿಲು ಹತ್ತಲ್ಲ ಅಂದ. ಅವನು ಹತ್ತುವುದೇ ಅಪ್ಪೆಮಿಡಿ ಉಪ್ಪಿನಕಾಯಿಗೆ, ಅದು ಬೇರೆ ಮಾತು.

ಜಗಳದ ಮೂಲ ಇಷ್ಟೇ. ಕ್ಯೂಟಿ ನಾರ್ವೆಯ ಒಂದು ಕಂಪನಿಯ ಕೂಸು. 1996ರಲ್ಲಿ ಲಿನಕ್ಸಿಗೆ ಡೆಸ್ಕ್‌ಟಾಪ್ ಮಾಡುವ ಕೆಡಿಇ ತಂಡದವರು ಅದರ ಮೇಲೆ ಮನೆ ಕಟ್ಟಲು ಹೊರಟರು. ಆಗ ಅದರ ಲೈಸೆನ್ಸ್ ಪೂರ್ತಿ ಮುಕ್ತವಾಗಿರಲಿಲ್ಲ. ಬೇರೆಯವರ ಜಾಗದಲ್ಲಿ ಪಾಯ ಹಾಕ್ತೀರಾ ಅಂತ ಸಿಟ್ಟಾದವರು 1997ರಲ್ಲಿ ಜಿಟಿಕೆ ಹಿಡಿದು ಗ್ನೋಮ್ ಅನ್ನುವ ಇನ್ನೊಂದು ಡೆಸ್ಕ್‌ಟಾಪ್ ಶುರು ಮಾಡಿದರು. 2000ದಲ್ಲಿ ಕ್ಯೂಟಿಯೂ ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸಿಗೆ ಬಂತು. ಹಲಸಿನ ಮರ ಬಿತ್ತು ಅನ್ನಿ. ಸುಣ್ಣ ನಿಲ್ಲಲಿಲ್ಲ. 2020ರ ಡಿಸೆಂಬರಿನಲ್ಲಿ ಕ್ಯೂಟಿ 6, ಜಿಟಿಕೆ 4 ಒಂದೇ ತಿಂಗಳಲ್ಲಿ ಹೊರಬಂದವು. ಆಚೆ ಮನೆಯಲ್ಲಿ ಹಬ್ಬ ಆದರೆ ಈಚೆಯೂ ಹೋಳಿಗೆ ಆಗಬೇಕಲ್ವಾ?

ಇದರಲ್ಲಿ ನನಗೆ ಪಾಪ ಅನಿಸುವುದು ಗಿಂಪ್. ಜಿಟಿಕೆ ಹುಟ್ಟಿದ್ದೇ ಈ ಚಿತ್ರ ತಿದ್ದುವ ತಂತ್ರಾಂಶಕ್ಕಾಗಿ. ಹೆಸರಿನಲ್ಲಿರುವ 'ಜಿ' ಗಿಂಪ್‌ನದ್ದೇ. ಜಿಟಿಕೆ 3 ಬಂದದ್ದು 2011ರಲ್ಲಿ. ಗಿಂಪ್ ಅದಕ್ಕೆ ಬಂದು ಸೇರಿದ್ದು 2025ರಲ್ಲಿ. ಅಷ್ಟರಲ್ಲಿ ಜಿಟಿಕೆ 4ಕ್ಕೆ ನಾಲ್ಕು ವರ್ಷ ತುಂಬಿತ್ತು. ಮದುಮಗನಿಗೇ ಕೊನೇ ಪಂಕ್ತಿ, ಅದೂ ಪಾಯಸ ಮುಗಿದ ಮೇಲೆ.

ಪ್ಯಾಕೇಜ್ ಕಟ್ಟುವವರು ಎರಡೂ ಮನೆಗೆ ನೀರು ಹೊರುವವರು. ಡೆಬಿಯನ್ ಅನ್ನುವ ಲಿನಕ್ಸ್ ಬಗೆಯಲ್ಲಿ ಟ್ರಾನ್ಸ್‌ಮಿಷನ್ ಅಂತ ಒಂದು ಡೌನ್‌ಲೋಡ್ ತಂತ್ರಾಂಶ ಇದೆ. ಒಳಗಿನ ಕೆಲಸ ಒಂದೇ. ಜಿಟಿಕೆ ಪ್ಯಾಕೇಜ್ ಬೇರೆ, ಕ್ಯೂಟಿ ಪ್ಯಾಕೇಜ್ ಬೇರೆ. ಆಚೆ ಮನೆಯದ್ದು ತಂದಿರೋ, ಅದು ನಡೆಯಲು ಬೇಕಾದ ಆ ಮನೆಯ ಕೋಡಿನ ಕಟ್ಟುಗಳು, ಅಂದರೆ ಲೈಬ್ರರಿಗಳೆಲ್ಲ, ಹಿಂದೆಯೇ ಬರುತ್ತವೆ. ಯಾವ ಬಗೆಯ ಲಿನಕ್ಸಿಗೂ ಹೊಂದುವ ಫ್ಲಾಟ್‌ಪ್ಯಾಕ್ ಕಟ್ಟು ಆದರೆ ಮೊದಲ ಸಲ ನೂರಾರು ಎಂಬಿಯ ರನ್‌ಟೈಮ್, ಅಂದರೆ ಇಂಥ ಲೈಬ್ರರಿಗಳ ಇಡೀ ಗಂಟು. ಒಂದು ಲೋಟ ಕೇಳಿದರೆ ಅಡುಗೆಮನೆಯನ್ನೇ ಹೊತ್ತು ತರುತ್ತಾರೆ. ನಮ್ಮೂರಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ಮೇಲೆ. ಮಳೆಗಾಲದಲ್ಲಿ ಅಲ್ಲಿ ನಿಂತು ರನ್‌ಟೈಮ್ ಇಳಿಸಿಕೊಂಡೆ. ಎಷ್ಟು ಇಳಿಯಿತು ಅಂತ ಪರದೆ ನೋಡಬೇಕಿರಲಿಲ್ಲ, ಕಾಲಿಗೆ ಹತ್ತಿದ ಉಂಬಳ ಎಣಿಸಿದರೆ ಸಾಕಿತ್ತು.

ಕೊನೆಗೆ ಯಾರಿಗೂ ಬೇಸರ ಬೇಡ ಅಂತ ಎರಡನ್ನೂ ಮಾಡಿ ಹಾಕಿಕೊಟ್ಟೆ. ಚಿಕ್ಕಪ್ಪ ಕನ್ನಡಕ ಏರಿಸಿ ಕೂತರು. ಮೌಸ್‌ ಬಾಣ ಪರದೆಯ ಕೆಳಗೆಲ್ಲ ಅಲೆದಾಡಿತು.

"ಉಳಿಸೋ ಬಟನ್ ಎಲ್ಲೋ?"

"ಮೇಲೆ, ಬಲಗಡೆ."

ಇನ್ನೊಂದನ್ನು ತೆರೆದರು. ಈಗ ಬಾಣ ನೇರ ಮೇಲಕ್ಕೆ ಹೋಯಿತು. ಬಟನ್ ಕೆಳಗಿತ್ತು.

"ಯಾವ್ದೋ ಸರಿ?"

"ಎರಡೂ ಸರಿ ಚಿಕ್ಕಪ್ಪ."

ವೋಟು ಕೇಳಲು ಬಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ತಿಂಗಳು ಬಿಟ್ಟು ಹೋದಾಗ ಲೆಕ್ಕ ಅಚ್ಚುಕಟ್ಟಾಗಿತ್ತು. ರಾಶಿ ಅಡಿಕೆಯದ್ದು ಜಿಟಿಕೆಯಲ್ಲಿ, ಬೆಟ್ಟೆಯದ್ದು ಕ್ಯೂಟಿಯಲ್ಲಿ. ಎರಡೂ ಸೇರಿ ಒಟ್ಟು ಎಷ್ಟಾಯ್ತು ಅಂತ ಕೇಳಿದೆ.

"ಹಿಸೆ ಆದ್ಮೇಲೆ ಒಟ್ಟು ಎಲ್ಲಿಂದ ಬರ್ತದೋ?" ಅಂದರು.