18 ದಾಟಿದರೆ ಹಲ್ಲಿಗೆ ಕ್ಲಿಪ್ ಹಾಕಿಸಬಾರದಾ?

18 ವರ್ಷ ದಾಟಿದ ಮೇಲೆ ಮೂಳೆ ಗಟ್ಟಿಯಾಗಿರುತ್ತದೆ, ಕ್ಲಿಪ್ ಹಾಕಿಸಿದರೂ ಹಲ್ಲು ಸರಿಯುವುದಿಲ್ಲ ಅನ್ನುವ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ತಂತಿಯ ಒತ್ತಡಕ್ಕೆ ಹಲ್ಲಿನ ಒಂದು ಬದಿಯ ಮೂಳೆ ಕರಗುತ್ತದೆ, ಇನ್ನೊಂದು ಬದಿಯಲ್ಲಿ ಹೊಸದು ಬೆಳೆಯುತ್ತದೆ, ಹಲ್ಲು ಸರಿಯುವುದೇ ಹೀಗೆ, ಮತ್ತು ಇದು 50ರಲ್ಲೂ ನಡೆಯುತ್ತದೆ, ಸ್ವಲ್ಪ ನಿಧಾನ ಆಗಬಹುದು ಅಷ್ಟೇ. ವಸಡಿನ ರೋಗ ಇದ್ದರೆ ಮೊದಲು ಅದು ಹತೋಟಿಗೆ ಬರಬೇಕು.

ವಯಸ್ಸು ನಿಜಕ್ಕೂ ಲೆಕ್ಕಕ್ಕೆ ಬರುವುದು ದವಡೆಯ ವಿಷಯದಲ್ಲಿ. ಮಕ್ಕಳಲ್ಲಿ ದವಡೆ ಬೆಳೆಯುವಾಗಲೇ ಅದನ್ನು ಸ್ವಲ್ಪ ತಿದ್ದಬಹುದು, ದೊಡ್ಡವರಲ್ಲಿ ಅದೇ ತೊಂದರೆ ಜಾಸ್ತಿ ಇದ್ದರೆ ಆಪರೇಷನ್ ಬೇಕಾಗಬಹುದು. 7 ವರ್ಷದ ಹೊತ್ತಿಗೆ ಒಮ್ಮೆ ತೋರಿಸಿ ಅನ್ನುವುದು ಅದಕ್ಕೇ. ತೋರಿಸಿದ ತಕ್ಷಣ ಕ್ಲಿಪ್ ಹಾಕಿಬಿಡುತ್ತಾರೆ ಅಂತಲ್ಲ!

ಕ್ಲಿಪ್ ತೆಗೆದ ಮೇಲೆ ರಿಟೈನರ್ (ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ಸಾಧನ) ಹಾಕದೆ ಸುಮ್ನೆ ಬಿಟ್ಟರೆ ಹಲ್ಲು ವಾಪಸ್ ಸರಿಯಬಹುದು, ಅದು ಯಾವ ವಯಸ್ಸಿನವರಿಗಾದರೂ ಸರಿ.